ಕಲ್ಲಿಗೊಂದು ನಾಮಕರಣ

ಕೆಲವರಿಗೆ ಹಾಡುವುದು ಬರುತ್ತದೆ, ಕೆಲವರಿಗೆ ಈಜು ಬರುತ್ತದೆ; ನನಗೆ ಚಿಂತೆ ಬರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ನಮ್ಮ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಜಗತ್ತಿನ ಸಕಲ ವಿದ್ಯೆಗಳಿಗೂ ಕೋಚಿಂಗ್ ಸೆಂಟರುಗಳಿವೆ. ಚಿಂತೆಗೊಂದು ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಸರಕಾರಿ ನೌಕರಿ ಬಿಟ್ಟು ಅಲ್ಲಿ ಸೀನಿಯರ್ ಫ್ಯಾಕಲ್ಟಿ ಆಗಿರುತ್ತಿದ್ದೆ. ಲಿಫ್ಟಿನಲ್ಲಿ ಕಾಲಿಟ್ಟರೆ, ಗೋಡೆಯ ಮೇಲೆ ಬರೆದ ‘ಆರು ಜನ’ ಎಂಬುದು ಯಾವ ಕಾಲದ, ಯಾವ ಊಟ ಉಂಡ ಆರು ಜನ ಎಂದು ಯೋಚಿಸುತ್ತೇನೆ. ನೀರಿನ ಟ್ಯಾಂಕರ್ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಚಿಂತೆ; ಬಂದರೆ, ಇದು ಯಾವ ಕೆರೆಯ ನೀರೋ ಎಂದು ಚಿಂತೆ. ಆದರೆ ಇವೆಲ್ಲ ಭೂಮಿಯ ಮೇಲಿನ ಸಂಗತಿಗಳು. ಆಕಾಶದ ಕಡೆಯಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದವಳು ನನ್ನ ಹೆಂಡತಿ.

ನನ್ನ ಹೆಂಡತಿ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಅವಳಿಗೆ ಎರಡು ಹೆಸರು. ಸರ್ಟಿಫಿಕೇಟಿನಲ್ಲಿ, ಹಾಗಾಗಿ ಕಾಲೇಜಿನಲ್ಲೂ, ಅವಳು ಗಿರಿಜಾ. ಮನೆಯಲ್ಲಿ, ನೆಂಟರಲ್ಲಿ ಸುವರ್ಣಾ. ನಮ್ಮಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ಪದ್ಧತಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರಲ್ಲಿ ಬರೆಯುವುದು ವರನ ಕೆಲಸ. ಏನು ಬರೆಯಬೇಕೆಂದು ಹೇಳುವುದು ನಮ್ಮ ಅಕ್ಕನ ಕೆಲಸ. ಅಕ್ಕ ನನಗಿಂತ ಬಹಳ ದೊಡ್ಡವಳು, ಮಿಯಾಪುರದಲ್ಲಿದ್ದಾಳೆ, ಮತ್ತು ನಮ್ಮ ವಂಶದಲ್ಲಿ ಹೆಸರಿಡುವ ಖಾತೆ ಪೂರ್ತಿಯಾಗಿ ಅವಳದೇ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿ ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬನೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ನಾನು ಅನೇಕರನ್ನು ಕೇಳಿದ್ದೇನೆ. ಗುದ್ದಬೇಕು ಅದಕ್ಕೆ ಗುದ್ದುತ್ತಾರೆ ಎಂಬುದಕ್ಕಿಂತ ಹೆಚ್ಚಿನ ವಿವರ ಸಿಕ್ಕಿಲ್ಲ. ನಮ್ಮ ಅಣ್ಣತಮ್ಮಂದಿರ ಎಲ್ಲ ಮಕ್ಕಳ ಪರವಾಗಿ ಗುದ್ದು ತಿಂದವಳು ಅಕ್ಕ. ಆ ಬೆನ್ನಿನ ಮೇಲೆ ಒಂದು ಪೀಳಿಗೆಯ ಹೆಸರುಗಳು ನಿಂತಿವೆ. ನನ್ನ ಮಗ, ಮಗಳು ಇಬ್ಬರ ಹೆಸರೂ ಅಕ್ಕನದೇ ಆಯ್ಕೆ. ತಾರ್ನಾಕದ ನಮ್ಮ ಫ್ಲ್ಯಾಟಿನ ಬಾಗಿಲಿಗಿರುವ ‘ಗುರುಕೃಪಾ’ ಎಂಬ ಫಲಕವೂ ಅವಳದೇ.

ನಮ್ಮ ಬಡಾವಣೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ನನ್ನ ಹೆಂಡತಿ ಹವ್ಯಾಸಿ ಖಗೋಳದವರ ಒಂದು ಗುಂಪಿಗೆ ಸೇರಿದಳು. ಎಲ್ಲೋ ಹೊರದೇಶದ ದೂರದರ್ಶಕ ತೆಗೆದ ಆಕಾಶದ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಬರುತ್ತವೆ. ಆಕಾಶದ ಒಂದೇ ತುಣುಕು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದ ನಾಲ್ಕು ಚಿತ್ರ. ನೋಡಲು ಅನುಕೂಲವಾಗಲೆಂದು ಬಣ್ಣ ತಿರುವಿಹಾಕಿರುತ್ತಾರೆ. ಆಕಾಶ ಬೆಳ್ಳಗೆ, ನಕ್ಷತ್ರ ಕರ್ರಗೆ. ನಾಲ್ಕನ್ನೂ ಒಂದರ ಮೇಲೊಂದು ಚಕಚಕ ಬದಲಿಸುತ್ತ ಹೋದರೆ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಯಾವುದಾದರೂ ಚುಕ್ಕೆ ಒಂದೇ ಸಾಲು ಹಿಡಿದು ಸರಿದರೆ ಅದು ಕ್ಷುದ್ರಗ್ರಹ, ಅಂದರೆ ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುತ್ತಿರುವ ಲಕ್ಷಾಂತರ ಕಲ್ಲುಗಳಲ್ಲಿ ಒಂದು. ಸರಿದದ್ದೆಲ್ಲ ಕಲ್ಲಲ್ಲ. ಕ್ಯಾಮೆರಾದ ದೋಷವಿರಬಹುದು, ಕಲ್ಲೇ ಆದರೂ ಬೇರೆಯವರು ಮೊದಲೇ ಕಂಡದ್ದಿರಬಹುದು. ಅವಳು ಸಂಜೆ ಕುಕ್ಕರ್ ಇಟ್ಟು ಕಂಪ್ಯೂಟರಿನ ಮುಂದೆ ಕೂತರೆ ಸೀಟಿ ಎಣಿಸುವ ಹೊಣೆ ನನ್ನದಾಗುತ್ತಿತ್ತು. ಚಿಂತೆಯಲ್ಲಿ ನಾನು ಎಣಿಕೆ ತಪ್ಪುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಬೇಳೆ ಯಾವಾಗಲೂ ಕರಗಿ ನೀರಾಗಿರುತ್ತಿತ್ತು.

ಹೀಗೆ ಒಂದು ಸಂಜೆ ಅವಳಿಗೊಂದು ಚುಕ್ಕೆ ಸಿಕ್ಕಿತು. ಯಾರ ಲೆಕ್ಕದಲ್ಲೂ ಇಲ್ಲದ್ದು. ಅಳತೆ ಮಾಡಿ ಕಳಿಸಿದಳು. ಬೇರೆ ಕಡೆಯವರೂ ನೋಡಿ ಹೌದೆಂದರು. ಆರ್‌ಟಿಓದವರು ಹೊಸ ಸ್ಕೂಟರಿಗೆ ಕೊಡುವ ತಾತ್ಕಾಲಿಕ ನಂಬರಿನಂತೆ ಅದಕ್ಕೊಂದು ಇಸವಿ, ಒಂದೆರಡು ಅಕ್ಷರ, ಒಂದಷ್ಟು ಅಂಕಿ ಕೊಟ್ಟರು. ಅವಳು ನನ್ನನ್ನು ಕರೆದು ಪರದೆ ತೋರಿಸಿದಳು. ಚುಕ್ಕೆ ಸರಿಯಿತು, ಹಿಂದಕ್ಕೆ ಬಂತು, ಮತ್ತೆ ಸರಿಯಿತು. ಅಂಥ ಸಮಯದಲ್ಲಿ ಗಂಡನಾದವನು ಹೇಳಬೇಕಾದ ಮಾತುಗಳು ಅನೇಕ ಇವೆ. ನಾನು ಕೇಳಿದ್ದು, ಇದು ಭೂಮಿಗೆ ಬಡಿಯುತ್ತದೆಯೇ ಎಂದು.

“ಅದು ಮಂಗಳ-ಗುರು ನಡುವ ತನ್ನ ಪಾಡಿಗೆ ತಾನು ತಿರುಗಾಕತ್ತೈತ್ರಿ,” ಎಂದಳು. “ನಿಮ್ಮ ತಂಟಿಗೆ ಬರಂಗಿಲ್ಲ.”

ನಂಬಿದೆ, ಆದರೂ ಮುಂದೆ ಕೆಲವು ತಿಂಗಳು, ಬೆಳಿಗ್ಗೆ ಚಹಾ ಕುಡಿಯುವಾಗ ನಿನ್ನ ಕಲ್ಲು ಹೇಗಿದೆ ಎಂದು ಸುಮ್ಮನೆ ಕೇಳಿದವನಂತೆ ಕೇಳುತ್ತಿದ್ದೆ. ಒಂದು ವೇಳೆ ಬಂದೇ ಬಂದರೆ, ಯಾರು ಕಂಡುಹಿಡಿದದ್ದು ಎಂದು ಜನ ವಿಳಾಸ ಹುಡುಕಿಕೊಂಡು ತಾರ್ನಾಕಕ್ಕೇ ಬರುತ್ತಾರಲ್ಲ. ಕಲ್ಲು ಬಿದ್ದ ಮೇಲೆ ಬರುವ ಜನ ಎಲ್ಲಿರುತ್ತಾರೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಆಮೇಲೆ ವರ್ಷಗಟ್ಟಲೆ ಏನೂ ಆಗಲಿಲ್ಲ. ಕಂಡ ಮಾತ್ರಕ್ಕೆ ಮುಗಿಯಲಿಲ್ಲವಂತೆ. ಅದು ಸೂರ್ಯನ ಆ ಕಡೆ ಹೋಗಿ ಮತ್ತೆ ಈ ಕಡೆ ಬಂದಾಗಲೆಲ್ಲ ಯಾರಾದರೂ ನೋಡಬೇಕು, ಹೇಳಿದ ದಾರಿಯಲ್ಲೇ ಬಂತೋ ಇಲ್ಲವೋ ತಾಳೆ ಹಾಕಬೇಕು. ಅದರ ನಡತೆ ಖಾತ್ರಿಯಾದ ಮೇಲೆಯೇ ಕಾಯಂ ನಂಬರು. ಸರಕಾರಿ ಕೆಲಸದಲ್ಲಿ ಪ್ರೊಬೇಷನ್ ಮುಗಿಸಿದ ನನಗೆ ಇದು ಚೆನ್ನಾಗಿ ಅರ್ಥವಾಯಿತು. ನಗರದಲ್ಲಿ ಬಂದ್‌ಗಳ ಕಾಲ ಬಂತು; ರಾಜ್ಯ ಒಂದೇ ಇರಬೇಕೋ ಎರಡಾಗಬೇಕೋ ಎಂದು ದಿನಕ್ಕೊಂದು ಮೆರವಣಿಗೆ. ಪಕ್ಕದ ವಿಶ್ವವಿದ್ಯಾಲಯದ ಕಡೆಯಿಂದ ಅಶ್ರುವಾಯುವಿನ ವಾಸನೆ ಬಂದರೆ ಅಡುಗೆಮನೆ ಕಿಟಕಿ ಮುಚ್ಚುವುದು ನಮಗೆ ಒಗ್ಗರಣೆಯಷ್ಟೇ ರೂಢಿಯಾಗಿತ್ತು. ಭೂಮಿಯ ಮೇಲೇ ಇಷ್ಟು ಕಲ್ಲುಗಳು ಹಾರಾಡುತ್ತಿರುವಾಗ ಆಕಾಶದ ಕಲ್ಲನ್ನು ನಾನು ಮರೆತೇಬಿಟ್ಟಿದ್ದೆ. ಅಂಥ ಒಂದು ಬಂದ್ ದಿನ, ಕಾಲೇಜಿಗೆ ರಜೆ ಇದ್ದಾಗ, ಅವಳಿಗೆ ಇಮೇಲ್ ಬಂತು. ಕಲ್ಲು ಕಾಯಂ ಆಗಿತ್ತು. ಕಂಡುಹಿಡಿದವರಿಗೇ ಹೆಸರು ಸೂಚಿಸುವ ಹಕ್ಕು. ಯಾಕೆ ಆ ಹೆಸರು ಎಂದು ನಾಲ್ಕು ಸಾಲು ಬರೆದು ಕಳಿಸಬೇಕು. ಅಂತರರಾಷ್ಟ್ರೀಯ ಸಮಿತಿಯೊಂದು ನೋಡಿ ಒಪ್ಪಬೇಕು.

ಅವಳು ಇಮೇಲ್ ಅನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದು ಮೂರನೇ ಸಲ ಓದಿದಳು. “ನಾನ ಇಡಬೇಕಂತ,” ಎಂದಳು. ಅಷ್ಟೇ ಹೇಳಿದ್ದು. ಆದರೆ ಹೇಳಿದ ರೀತಿಯಲ್ಲಿ, ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ಅವಳು ಯಾವುದಕ್ಕೂ ಹೆಸರಿಟ್ಟಿಲ್ಲ ಎಂಬುದು ನನಗೆ ಮೊಟ್ಟಮೊದಲ ಬಾರಿಗೆ ಕೇಳಿಸಿತು. ಇದು ಅವಳಿಗೆ ಸಿಕ್ಕ ಮೊದಲ ಅವಕಾಶ, ಬಹುಶಃ ಕೊನೆಯದು ಕೂಡ. ಬುದ್ಧಿ ಇದ್ದ ಗಂಡ ಆಗ ಬಾಯಿ ಮುಚ್ಚಿಕೊಂಡು ಕಿಟಕಿ ಮುಚ್ಚಲು ಹೋಗುತ್ತಿದ್ದ. ನಾನು ಸಂತೋಷ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ವಿಷಯವನ್ನು ಶಾಂತವಾಗಿ ಕೇಳಿದಳು. ಪೇಪರಿನಲ್ಲಿ ಹೆಸರು ಗಿರಿಜಾ ಎಂದು ಬರುತ್ತದೋ ಸುವರ್ಣಾ ಎಂದೋ ಎಂದು ವಿಚಾರಿಸಿದಳು. ಗಿರಿಜಾ ಎಂದಾಗ, ತಾನು ಇಟ್ಟ ಹೆಸರಿಗೆ ಏನು ಕಡಿಮೆಯಾಗಿತ್ತೋ ಎಂದಳು. ಆಮೇಲೆ, ಸುವರ್ಣಾಗೆ ಸಿಕ್ಕದ್ದೆಂದರೆ ನಮ್ಮ ಮನೆಯ ಕೂಸಿದ್ದ ಹಾಗೆ; ಕೂಸು ನಮ್ಮದಾದರೆ ಸೋದರತ್ತೆ ತಾನು; ಅವಸರ ಮಾಡಬೇಡಿ, ನಾನು ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟಳು. ನನ್ನ ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಆ ದಿನದ ಬೇಳೆ ಬೇಯದೆ ಕಲ್ಲಿನ ಹಾಗಿತ್ತು.

ಮರುದಿನ ಆಫೀಸಿನಲ್ಲಿ ಸುದ್ದಿ ಹರಡಿತು, ಹರಡಿದವನು ನಾನೇ. ನಮ್ಮ ಸೆಕ್ಷನ್ನಿನಲ್ಲಿ ನನ್ನ ಎಡಕ್ಕೆ ರಾಜ್ಯ ಎರಡಾಗಲಿ ಎನ್ನುವ ವರಂಗಲ್ ಕಡೆಯ ರೆಡ್ಡಿಗಾರು, ಬಲಕ್ಕೆ ಒಂದೇ ಇರಲಿ ಎನ್ನುವ ಗುಂಟೂರು ಕಡೆಯ ರಾವುಗಾರು. ಚಳವಳಿ ಶುರುವಾದಾಗಿನಿಂದ ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಏನಿದ್ದರೂ ಕನ್ನಡದವನಾದ ನನ್ನ ಮೂಲಕ. ರೆಡ್ಡಿಗಾರು ಎಡಗಿವಿಯಲ್ಲಿ ಒಬ್ಬ ನಾಯಕರ ಹೆಸರು ಹೇಳಿದರು, ರಾವುಗಾರು ಬಲಗಿವಿಯಲ್ಲಿ ಇನ್ನೊಬ್ಬರದು. ಕಲ್ಲಿಗೆ ಯಾವ ಹೆಸರಿಟ್ಟರೆ ಯಾವ ಕಡೆಯಿಂದ ನಮ್ಮ ಕಿಟಕಿಗೆ ಕಲ್ಲು ಬರುತ್ತದೆ ಎಂದು ನಾನು ಲೆಕ್ಕ ಹಾಕುತ್ತ ಮನೆಗೆ ಬಂದು ಸಮಿತಿಯ ನಿಯಮ ಓದಿದೆ. ರಾಜಕೀಯದವರ ಹೆಸರಾದರೆ ಅವರು ತೀರಿಕೊಂಡು ನೂರು ವರ್ಷ ಕಳೆದಿರಬೇಕು. ಇಷ್ಟು ವಿವೇಕದ ನಿಯಮವನ್ನು ನಾನು ಸರಕಾರದಲ್ಲಿ ಎಲ್ಲೂ ಕಂಡಿಲ್ಲ. ಮಾರನೇ ದಿನ ಇಬ್ಬರಿಗೂ ತಿಳಿಸಿದೆ. ಇದು ಅನ್ಯಾಯ ಎಂದು ರೆಡ್ಡಿಗಾರು ಹೇಳಿದರು. “ಅವುನಂಡಿ, ಚಾಲಾ ಅನ್ಯಾಯಂ,” ಎಂದು ರಾವುಗಾರು ನೇರವಾಗಿ ಅವರಿಗೇ ಹೇಳಿದರು. ಅವತ್ತು ಇಬ್ಬರೂ ಒಟ್ಟಿಗೆ ಇರಾನಿ ಚಹಾಕ್ಕೆ ಹೋದರು, ನನ್ನನ್ನು ಕರೆಯಲಿಲ್ಲ.

ನಿಯಮಗಳನ್ನು ಓದುವಾಗ ಇನ್ನೂ ಕೆಲವು ಕಣ್ಣಿಗೆ ಬಿದ್ದವು. ಹೆಸರು ಇಂಗ್ಲಿಷಿನಲ್ಲಿ ಹದಿನಾರು ಅಕ್ಷರ ಮೀರಬಾರದು. ಓದಲು ಬರುವಂತಿರಬೇಕು. ಸಾಕುಪ್ರಾಣಿಗಳ ಹೆಸರು ಬೇಡ, ವ್ಯಾಪಾರದ ಹೆಸರು ಬೇಡ. ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಗಂಡನ ಹೆಸರು ಕೂಡದು ಎಂದು ಎಲ್ಲೂ ಇರಲಿಲ್ಲ. ನಾನು ಎರಡು ಸಲ ಹುಡುಕಿದೆ. ಬಸವರಾಜ ಎಂಬ ನನ್ನ ಹೆಸರು ಇಂಗ್ಲಿಷಿನಲ್ಲಿ ಹತ್ತರೊಳಗೇ ಮುಗಿಯುತ್ತದೆ. ಅಡ್ಡಹೆಸರು ಬಿಟ್ಟುಕೊಡಲು ನಾನು ತಯಾರಿದ್ದೆ. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹಳೆಯ ಕಾಲದ ಖಗೋಳಜ್ಞರು ಹೆಂಡಂದಿರ ಹೆಸರಿಡುತ್ತಿದ್ದರಂತೆ, ಎಂಥ ದಾಂಪತ್ಯ ನೋಡು ಎಂದು ರೊಟ್ಟಿ ಮುರಿಯುತ್ತ ಹೇಳಿದೆ. ಹೌದಂತ, ಪಲ್ಯ ಬೇಕೇನು ಎಂದು ಅವಳು ಕೇಳಿದಳು.

ಈ ನಡುವೆ ಅಕ್ಕನ ಫೋನು. ಹೆಸರಿಡುವ ಮೊದಲು ಹುಟ್ಟಿದ ನಕ್ಷತ್ರ ನೋಡಿ ಅಕ್ಷರ ತೆಗೆಸಬೇಕು, ಪಂಚಾಂಗದ ಅಯ್ಯನವರ ಹತ್ತಿರ ಹೋಗಿ ಬಾ ಎಂದಳು. ಇದು ಹುಚ್ಚುತನವೆಂದು ನನಗೆ ಗೊತ್ತಿತ್ತು. ಆದರೆ ಹೋಗದಿದ್ದರೆ ಏನಾದೀತೋ ಎಂಬ ಚಿಂತೆ, ಹೋದರೆ ಏನಾದೀತೆಂಬುದಕ್ಕಿಂತ ದೊಡ್ಡದಾಗಿತ್ತು. ಹೋದೆ. ಅಯ್ಯನವರು ಕನ್ನಡಕ ಏರಿಸಿ ಜನ್ಮಸಮಯ ಕೇಳಿದರು. ನನ್ನ ಹೆಂಡತಿ ನೋಡಿದ ಹೊತ್ತೋ, ದೂರದರ್ಶಕ ಚಿತ್ರ ತೆಗೆದ ಹೊತ್ತೋ, ಕಲ್ಲಿನಿಂದ ಬೆಳಕು ಹೊರಟ ಹೊತ್ತೋ ಎಂದು ನಾನು ತೊದಲಿದೆ. ಇರಲಿ, ಹುಟ್ಟಿದ ಸ್ಥಳ ಹೇಳಿ ಎಂದರು. ಮಂಗಳ ಮತ್ತು ಗುರುವಿನ ನಡುವೆ ಎಂದೆ.

“ಅದು ಆಮ್ಯಾಲ ನಾ ಹೇಳತೀನ್ರಿ,” ಎಂದರು ಅಯ್ಯನವರು. “ಮೊದಲ ಊರ ಹೇಳ್ರಿ.”

ಕೊನೆಗೆ ಊರು ತಾರ್ನಾಕ ಎಂದೂ ಸಮಯ ಕುಕ್ಕರಿನ ಹೊತ್ತು ಎಂದೂ ಬರೆಸಿದೆ. ಅಯ್ಯನವರು ಬೆರಳು ಮಡಚಿ, ಬಿಡಿಸಿ, ಠಕಾರ ಬರುತ್ತದೆ ಎಂದರು. ಠಕಾರದಿಂದ ಶುರುವಾಗುವ ಹೆಸರು ಯಾವುದಿದೆ ಎಂದು ಕೇಳಿದ್ದಕ್ಕೆ, ಗಂಡೋ ಹೆಣ್ಣೋ ಎಂದು ಕೇಳಿದರು. ನಾನು ದಕ್ಷಿಣೆ ಇಟ್ಟು ಎದ್ದೆ.

ಆ ಭಾನುವಾರ ಅಕ್ಕ ಮಿಯಾಪುರದಿಂದ ಎರಡು ಬಸ್ ಬದಲಿಸಿ ಬಂದಳು. ಠಕಾರವನ್ನು ಅವಳು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ; ನಮ್ಮ ಅಜ್ಜನ ಹೆಸರು ನಿಶ್ಚಯ ಮಾಡಿಕೊಂಡೇ ಬಂದಿದ್ದಳು. ಅಜ್ಜನ ಪೂರ್ತಿ ಹೆಸರು ಮಹಾಂತಶಿವಯೋಗೆಪ್ಪ. ನಾನು ಬೆರಳು ಮಡಚಿ ಎಣಿಸಿ, ಇಂಗ್ಲಿಷಿನಲ್ಲಿ ಅಕ್ಷರ ಹದಿನಾರು ಮೀರುತ್ತದೆ ಎಂದೆ. ಹಾಗಾದರೆ ಮಹಾಂತ ಸಾಕು ಎಂದಳು. ನನ್ನ ಹೆಂಡತಿ ಚಹಾದ ಲೋಟಗಳನ್ನು ಕೆಳಗಿಟ್ಟಳು. ಕೈ ಸೆರಗಿಗೆ ಒರೆಸಿಕೊಂಡಳು. ನಾನು ಫ್ಯಾನಿನ ಕಡೆ ನೋಡಿದೆ. ಅದು ಬಹಳ ದಿನದಿಂದ ಕಟಕಟ ಅನ್ನುತ್ತಿತ್ತು, ಬಿದ್ದರೆ ಈಗಲೇ ಬೀಳಲಿ ಅನ್ನಿಸಿತು.

“ಅಕ್ಕಾರ,” ಎಂದಳು ಅವಳು, “ನನ್ನ ಹೆಸರು ನೀವ ಇಟ್ರಿ. ಮಕ್ಕಳ ಹೆಸರೂ ನೀವ ಇಟ್ರಿ. ಬಾಗಲಕ್ಕೂ ನೀವ ಇಟ್ರಿ. ನಾ ಬ್ಯಾಡ ಅಂದಿಲ್ಲ. ಇದೊಂದು ನಾ ಇಡತೀನ್ರಿ.”

ದನಿ ಏರಿರಲಿಲ್ಲ. ರಜೆ ಚೀಟಿ ಕೊಡುವವರ ದನಿ. ಅಕ್ಕ ಚಹಾ ಎತ್ತಿಕೊಂಡು ಒಂದು ಗುಟುಕು ಕುಡಿದಳು, ಇನ್ನೊಂದು ಗುಟುಕು ಕುಡಿದಳು. ನಾನು ನಡುವೆ ಬಾಯಿ ಹಾಕಿ ಇಬ್ಬರಿಗೂ ಒಪ್ಪಿಗೆಯಾಗುವ ಯಾವುದಾದರೂ ಮೂರನೆಯ ಹೆಸರು, ಹತ್ತು ಅಕ್ಷರದ ಒಳಗಿನದು, ಎಂದು ಶುರುಮಾಡಿದೆ. ಅಕ್ಕ ನನ್ನ ಕಡೆ ನೋಡದೆ ಕೈ ಎತ್ತಿದಳು. ಸಣ್ಣವನಿದ್ದಾಗಿನಿಂದ ಆ ಕೈಗೆ ನಾನು ಸುಮ್ಮನಾಗುತ್ತೇನೆ.

“ಆತು, ನೀನ ಇಡು,” ಎಂದಳು ಅಕ್ಕ. “ಆದ್ರ ಗುದ್ದೂ ನೀನ ತಿನಬೇಕಾಕ್ಕೈತಿ ನೋಡು. ಹೆಸರು ನಿಂದು, ಬೆನ್ನು ನಂದು, ಹಂಗ ನಡಿಯಂಗಿಲ್ಲ.”

“ತಿಂತೀನ್ರಿ,” ಎಂದಳು ನನ್ನ ಹೆಂಡತಿ.

ಅಷ್ಟಕ್ಕೇ ಮುಗಿಯಿತು. ಇಬ್ಬರೂ ಬೆಂಡೆಕಾಯಿಯ ವಿಷಯ ತೆಗೆದರು. ನಾನು ಒಂದು ವಾರದಿಂದ ನಿದ್ದೆಗೆಟ್ಟು ಸಿದ್ಧಮಾಡಿಟ್ಟುಕೊಂಡಿದ್ದ ಸಮಾಧಾನದ ಮಾತುಗಳೆಲ್ಲ ಹಾಗೇ ಉಳಿದವು.

ಅವಳು ಹೆಸರು ಕಳಿಸಿದಳು. ಯಾವುದೆಂದು ಯಾರಿಗೂ ಹೇಳಲಿಲ್ಲ. ನಾನು ಕೇಳಲಿಲ್ಲ, ಕೇಳದೇ ಇರುವುದರಲ್ಲೇ ಒಂದು ಘನತೆ ಇದೆ ಎಂದುಕೊಂಡೆ. ಸಮಿತಿಯವರು ತಿಂಗಳುಗಟ್ಟಲೆ ತೆಗೆದುಕೊಂಡರು. ಆ ತಿಂಗಳುಗಳಲ್ಲಿ ಅವಳು ನನ್ನನ್ನು ನೋಡಿ ಎರಡು ಮೂರು ಸಲ ನಕ್ಕಳು. ಅದರಿಂದ ನಾನು ಏನು ತಿಳಿಯಬೇಕೋ ತಿಳಿದೆ. ಆಫೀಸಿಗೆ ಹೋಗುವ ಬಸ್ಸಿನಲ್ಲಿ ಮನಸ್ಸಿನಲ್ಲೇ ಭಾಷಣ ತಿದ್ದುತ್ತಿದ್ದೆ: ಇಷ್ಟೆಲ್ಲ ಯಾಕೆ, ನಾನೊಬ್ಬ ಸಾಮಾನ್ಯ ನೌಕರ, ನೀವು ಬೇರೆ ಯಾರಾದರೂ ಯೋಗ್ಯರ ಹೆಸರು, ಇತ್ಯಾದಿ. ‘ಇತ್ಯಾದಿ’ಯ ಹತ್ತಿರ ಕಣ್ಣು ಸ್ವಲ್ಪ ಒದ್ದೆ ಮಾಡಿಕೊಳ್ಳುವುದನ್ನೂ ಅಭ್ಯಾಸ ಮಾಡಿದೆ. ಪಕ್ಕದ ಸೀಟಿನವರು ಒಮ್ಮೆ ಜಾಗ ಬದಲಿಸಿದರು. ಜೊತೆಗೆ ಚಿಂತೆಯೂ ಇತ್ತು. ಕೋಟ್ಯಂತರ ವರ್ಷ ನನ್ನ ಹೆಸರು ಹೊತ್ತು ತಿರುಗುವ ಕಲ್ಲು ಇನ್ನಾವುದೋ ಕಲ್ಲಿಗೆ ಡಿಕ್ಕಿ ಹೊಡೆದರೆ ತಪ್ಪು ಯಾರ ಮೇಲೆ ಬರುತ್ತದೆ?

ಸಮಿತಿ ಒಪ್ಪಿತು. ಒಪ್ಪಿದ್ದು ಮಾತ್ರ ಗೊತ್ತಾಯಿತು. ಹೆಸರನ್ನು ತೊಟ್ಟಿಲ ಶಾಸ್ತ್ರದ ದಿನವೇ ಹೇಳಬೇಕೆಂದು ಅತ್ತಿಗೆ-ನಾದಿನಿ ಫೋನಿನಲ್ಲಿ ಗೊತ್ತುಮಾಡಿಕೊಂಡಿದ್ದರು. ಭಾನುವಾರ ಅಕ್ಕ ದೊಡ್ಡ ಡಬ್ಬಿ ತುಂಬ ಕಡಲೆ ಗುಗ್ಗರಿ ಬೇಯಿಸಿಕೊಂಡು ಬಂದಳು. ಕಾಲೇಜಿನ ಇಬ್ಬರು ಮೇಡಮ್ಮುಗಳು ಬಂದರು. ಎದುರು ಮನೆಯ ಫಾತಿಮಾ ಆಪಾ ಕೈಯಲ್ಲೊಂದು ಸಣ್ಣ ಜುಬ್ಬದ ಪೊಟ್ಟಣ ಹಿಡಿದು ಬಂದು, ಹಾಲಿನಲ್ಲೆಲ್ಲ ನೋಡಿ, “ಬಚ್ಚಾ ಕಾಂ ಹೈ?” ಎಂದು ಕೇಳಿದರು. ಮೇಲಕ್ಕೆ ಬೆರಳು ತೋರಿಸಿ ವಿವರಿಸಿದ ಮೇಲೆ, ಮಾಶಾಲ್ಲಾ ಎಂದು ಜುಬ್ಬವನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಕೂತರು.

ಕೂಸು ಎಲ್ಲಿ ಎಂಬ ಆ ಪ್ರಶ್ನೆ ಮಾತ್ರ ಸರಿಯಾದದ್ದೇ. ಹೆಸರು ಹೇಳಲು ಒಂದು ಕಿವಿ ಬೇಕಲ್ಲ. ನಮ್ಮಲ್ಲಿ ತೊಟ್ಟಿಲಿಗೆ ಮಗು ಹಾಕುವ ಮೊದಲು ರುಬ್ಬುವ ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಅದನ್ನು ಕೂಸಿನಂತೆ ತೂಗುವುದಿದೆ. ಗುಂಡುಕಲ್ಲು ತಾ, ಅದಕ್ಕೇ ಹೇಳೋಣ, ಕಲ್ಲಿನ ಕಾರ್ಯಕ್ಕೆ ಕಲ್ಲೇ ಆದೀತು ಎಂದಳು ಅಕ್ಕ. ಗುಂಡುಕಲ್ಲು ನಮ್ಮ ಫ್ಲ್ಯಾಟಿನಲ್ಲಿ ಎಲ್ಲಿಂದ ಬರಬೇಕು? ಮಿಕ್ಸಿ ಇದೆ ಎಂದೆ.

“ಮಿಕ್ಸಿಗೆ ಕಿವಿ ಎಲ್ಲೈತೋ,” ಎಂದಳು ಅಕ್ಕ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಸು, ನೀನ ಕುಂದ್ರು ಬಾ,” ಎಂದಳು.

ಚಾಪೆಯ ಮೇಲೆ ಕೂತೆ. ಹೆಗಲಿಗೊಂದು ಹಸಿರು ಖಣ ಹೊದಿಸಿದರು. ಇದರಲ್ಲೂ ಒಂದು ಅರ್ಥವಿದೆ, ಹೆಸರು ಯಾರದೋ ಅವರ ಕಿವಿಯಲ್ಲೇ ಹೇಳಿಸುತ್ತಿದ್ದಾರೆ, ಎಲ್ಲ ಗೊತ್ತಿದ್ದೇ ಮಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮುಖದಲ್ಲಿ ವಿನಯ ತಂದುಕೊಂಡೆ. ನನ್ನ ಹೆಂಡತಿ ಬಗ್ಗಿದಳು. ಕಿವಿಯಲ್ಲಿ ‘ಕುರ್ರ್’ ಅಂದಳು. ಆಮೇಲೆ ಅಂದಳು: “ಗುರೆಳ್ಳು.”

ಅಷ್ಟರಲ್ಲಿ ಹೆಂಗಸರು ಅವಳ ಬೆನ್ನಿಗೆ ಗುದ್ದತೊಡಗಿದ್ದರು. ಅಕ್ಕನ ಗುದ್ದು ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಎಷ್ಟೋ ವರ್ಷಗಳ ಬಾಕಿ ಇದ್ದ ಹಾಗಿತ್ತು. ಫಾತಿಮಾ ಆಪಾ ಕೂಡ ಜುಬ್ಬ ಬದಿಗಿಟ್ಟು ಎದ್ದು ಬಂದು ಎರಡು ಹಾಕಿದರು. ಬಗ್ಗಿದ್ದ ನನ್ನ ಹೆಂಡತಿ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಮದುವೆಯ ದಿನವೂ ನಾನು ನೋಡಿರಲಿಲ್ಲ.

“ಏನಂತ?” ಎಂದಳು ಅಕ್ಕ. ಗುರೆಳ್ಳಂತೆ ಎಂದೆ.

“ಚಟ್ನಿಪುಡಿಗೆ ಹಾಕೂದು?”

“ಹೂಂನ್ರಿ,” ಎಂದಳು ನನ್ನ ಹೆಂಡತಿ, ಬೆನ್ನು ಸವರಿಕೊಳ್ಳುತ್ತ. “ಕಂಪ್ಯೂಟರಿನ್ಯಾಗ ಬಿಳೇದರ ಮ್ಯಾಲೆ ಎಲ್ಲಾ ಕರ್ರಗ, ನಮ್ಮವ್ವ ಮಾಳಿಗಿ ಮ್ಯಾಲೆ ಧೋತ್ರ ಹಾಸಿ ಗುರೆಳ್ಳು ಒಣಗಿಸಿದ್ಹಂಗ ಕಾಣತಿತ್ತು. ಅದರಾಗ ಒಂದ ಕಾಳು ಇರಿವಿ ಎಳಕೊಂಡು ಹೋದಂಗ ಸರೀತಿತ್ತು. ಅವತ್ತ ಮನಸ್ಸಿನ್ಯಾಗ ಇಟ್ಟಬಿಟ್ಟಿದ್ನಿ.”

ಅವತ್ತೇ. ಅಂದರೆ ಅಯ್ಯನವರು, ಠಕಾರ, ಹದಿನಾರು ಅಕ್ಷರ, ನನ್ನ ಭಾಷಣ, ಇದೆಲ್ಲಕ್ಕೂ ವರ್ಷಗಳ ಮೊದಲೇ ಕಲ್ಲಿಗೆ ಹೆಸರಾಗಿಹೋಗಿತ್ತು. ಅಕ್ಕ ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದಳು. ಚಲೋ ಐತಿ, ಎಣ್ಣಿ ಇದ್ದ ಕಾಳು ಎಂದಳು. ನಾನು ಖಣ ಹೊದ್ದುಕೊಂಡು ಇನ್ನೂ ವಿನಯದ ಮುಖದಲ್ಲೇ ಕೂತಿದ್ದೆ. ಅದನ್ನು ಹೇಗೆ ತೆಗೆಯುವುದು ಎಂದು ತಿಳಿಯುತ್ತಿರಲಿಲ್ಲ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಕ್ಕ ಗುಗ್ಗರಿಯ ಡಬ್ಬಿ ತೆರೆದು ಸುತ್ತ ಕಣ್ಣು ಹಾಯಿಸಿದಳು.

“ಹೆಸರಿಟ್ಟಾತು,” ಎಂದಳು. “ಕಲ್ಲು ಇನ್ನ ಎದ್ದು ಒಳಗಿಂದ ಐದಾರು ತಾಟು ತರಲಿ.”

ಕಲ್ಲು ಎದ್ದು ಹೋಯಿತು.